ಅಳಿವೆಯ ನೀರು ಏಕೆ ಬಗ್ಗಡ? ತೇಲುಕಣಗಳನ್ನು ಅಳೆಯುವ, ಅಳತೆಯನ್ನು ಅರ್ಥಮಾಡಿಕೊಳ್ಳುವ ಕ್ರಮ

ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಬೆಳಿಗ್ಗೆ ಕಂಡ ನೀರು ಮಧ್ಯಾಹ್ನದ ಹೊತ್ತಿಗೆ ಬೇರೆಯೇ ನೀರಾಗಿರುತ್ತದೆ. ಕೆರೆಯ ತಿಳಿತನವನ್ನು ಇಂದು ಅಳೆದರೂ ನಾಳೆ ಅಳೆದರೂ ಸಾಮಾನ್ಯವಾಗಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಅಳಿವೆಯಲ್ಲಾದರೆ ಉಬ್ಬರ ನಿಂತು ಇಳಿತ ಬಿರುಸಾಗುವ ಮೂರು ಗಂಟೆಗಳೊಳಗೇ, ಒಂದು ಮೀಟರ್ ಆಳದವರೆಗೆ ಕಣ್ಣು ಹಾಯುತ್ತಿದ್ದ ನೀರು ಮುಳುಗಿಸಿದ ಅಂಗೈಯನ್ನೂ ಮರೆಮಾಡುವಷ್ಟು ಕದಡಿಹೋಗಬಹುದು. ಆದ್ದರಿಂದ ಇಲ್ಲಿ ತಿಳಿತನದ ಅಂಕಿಯೊಂದನ್ನೇ ಬರೆದಿಟ್ಟರೆ ಅದು ಅರ್ಧ ಮಾಹಿತಿ ಮಾತ್ರ. ಅಳೆದದ್ದು ಉಬ್ಬರದ ಯಾವ ಹಂತದಲ್ಲಿ, ಆಗ ನೀರಿನ ಲವಣಾಂಶ ಎಷ್ಟಿತ್ತು, ನೀರನ್ನು ಕದಡಿದ ಕಣ ಯಾವ ಜಾತಿಯದು ಎಂಬ ಮೂರು ಸಂಗತಿಗಳು ಜೊತೆಗಿದ್ದಾಗಲೇ ಆ ಅಂಕಿಗೆ ಅರ್ಥ ಬರುತ್ತದೆ. ಸರಳ ಸಾಧನಗಳಿಂದ ತಿಳಿತನವನ್ನು ಅಳೆದು, ಆ ಮೂರರ ಜೊತೆಗಿಟ್ಟು ಅದನ್ನು ಅರ್ಥಮಾಡಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಕಣಗಳು ಬೆಳಕಿಗೆ ಏನು ಮಾಡುತ್ತವೆ

ನೀರಿನೊಳಗೆ ಇಳಿದ ಬೆಳಕಿಗೆ ಎರಡು ಗತಿಗಳಿವೆ: ಒಂದೋ ಅದು ಹೀರಿಹೋಗುತ್ತದೆ, ಇಲ್ಲವೇ ದಿಕ್ಕು ಬದಲಿಸಿ ಚದುರುತ್ತದೆ. ಜೇಡಿ ಮತ್ತು ಹೂಳಿನಂಥ ಖನಿಜ ಕಣಗಳು ಮುಖ್ಯವಾಗಿ ಬೆಳಕನ್ನು ಚದುರಿಸುತ್ತವೆ. ಬಗ್ಗಡ ನೀರು ಮಂಜಿನಂತೆ ಮಸುಕಾಗಿ ಕಾಣುವುದು ಈ ಕಾರಣಕ್ಕೆ. ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳಾದ ಸಸ್ಯಪ್ಲವಕಗಳು ತಮ್ಮ ಹರಿತ್ತಿನಿಂದ ನೀಲಿ ಮತ್ತು ಕೆಂಪು ಬೆಳಕನ್ನು ಹೀರುತ್ತವೆ, ಒಂದಿಷ್ಟನ್ನು ಚದುರಿಸುತ್ತವೆ. ಕೊಳೆತ ಎಲೆ, ಬೇರು, ಸಗಣಿಗಳಿಂದ ಬಂದ ಸಾವಯವ ಚೂರುಗಳು ಎರಡನ್ನೂ ಮಾಡುತ್ತವೆ. ಇವಲ್ಲದೆ, ಕಾಡು ಮತ್ತು ಜೌಗುಗಳಿಂದ ಹರಿದುಬರುವ ನೀರಿಗೆ ಚಹಾದ ಕಷಾಯದ ಬಣ್ಣ ಕೊಡುವ ಕರಗಿದ ಸಾವಯವ ವಸ್ತುವೊಂದಿದೆ; ಅದು ಕಣವಲ್ಲ, ಶೋಧಕ ಕಾಗದದಲ್ಲಿ ನಿಲ್ಲುವುದಿಲ್ಲ, ಆದರೆ ನೀಲಿ ಬೆಳಕನ್ನು ಬಲವಾಗಿ ಹೀರುವುದರಿಂದ ತಿಳಿತನವನ್ನು ಕುಗ್ಗಿಸುತ್ತದೆ. ಕಣ್ಣಿಗೆ ಕಂಡ ಮಬ್ಬನ್ನೆಲ್ಲ ಮಣ್ಣಿನ ಲೆಕ್ಕಕ್ಕೆ ಬರೆಯುವವರು ಎಡವುವುದು ಇಲ್ಲಿಯೇ.

ಕಣಗಳ ಒಟ್ಟು ತೂಕಕ್ಕಿಂತ ಅವುಗಳ ಗಾತ್ರ ಮುಖ್ಯವೆಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬೆಳಕಿನ ತರಂಗಾಂತರಕ್ಕಿಂತ ಸಾಕಷ್ಟು ದೊಡ್ಡದಾದ ಕಣಗಳು ತಮ್ಮ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ತಕ್ಕಂತೆ ಬೆಳಕನ್ನು ತಡೆಯುತ್ತವೆ. ಅಷ್ಟೇ ತೂಕದ ಮಣ್ಣನ್ನು ಹತ್ತನೇ ಒಂದು ವ್ಯಾಸದ ಕಣಗಳಾಗಿ ಪುಡಿಮಾಡಿದರೆ ಒಟ್ಟು ಅಡ್ಡಕೊಯ್ತ ಹತ್ತು ಪಟ್ಟಾಗುತ್ತದೆ. ಒಂದು ಲೀಟರಿಗೆ 50 ಮಿಲಿಗ್ರಾಂ ಮರಳಿರುವ ನೀರು ಬಹುತೇಕ ತಿಳಿಯಾಗಿ ಕಂಡರೆ, ಅಷ್ಟೇ ತೂಕದ ನುಣುಪು ಜೇಡಿ ಸೇರಿದ ನೀರು ಹಾಲು ಬೆರೆಸಿದಂತೆ ಮಬ್ಬಾಗುವುದು ಇದರಿಂದಲೇ.

ಗಾತ್ರವು ಕಣ ಎಷ್ಟು ಹೊತ್ತು ತೇಲುತ್ತದೆ ಎಂಬುದನ್ನೂ ನಿರ್ಧರಿಸುತ್ತದೆ. ಸ್ಟೋಕ್ಸ್ ನಿಯಮದ ಪ್ರಕಾರ ಸಣ್ಣ ಕಣವೊಂದು ನಿಂತ ನೀರಿನಲ್ಲಿ ಇಳಿಯುವ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಮರಳಿಗೂ ಹೂಳಿಗೂ ಗಡಿಯೆನ್ನಬಹುದಾದ 63 ಮೈಕ್ರೋಮೀಟರ್ ವ್ಯಾಸದ ಕಣ ಒಂದು ಮೀಟರ್ ಇಳಿಯಲು ಸುಮಾರು ಐದು ನಿಮಿಷ ಸಾಕು. 10 ಮೈಕ್ರೋಮೀಟರ್ ಹೂಳಿಗೆ ಮೂರು ಗಂಟೆ ಬೇಕು. ಒಂದು ಮೈಕ್ರೋಮೀಟರ್ ಜೇಡಿಗೆ ಸುಮಾರು 13 ದಿನಗಳು ಹಿಡಿಯುತ್ತವೆ. ಉಬ್ಬರ ಇಳಿತಗಳ ನಡುವೆ ನೀರು ನಿಲ್ಲುವುದು ಹೆಚ್ಚೆಂದರೆ ಗಂಟೆಯೊಳಗಿನ ಅವಧಿ. ಈ ಲೆಕ್ಕವನ್ನಷ್ಟೇ ನಂಬಿದರೆ ಅಳಿವೆಯ ಜೇಡಿ ಎಂದೂ ತಳ ಮುಟ್ಟಬಾರದಿತ್ತು.

ಉಪ್ಪು ಮಾಡುವ ಕೆಲಸ: ಎರಡು ಜಾಡಿಗಳ ಪ್ರಯೋಗ

ಜೇಡಿ ತಳ ಮುಟ್ಟುತ್ತದೆ, ಏಕೆಂದರೆ ಉಪ್ಪುನೀರಿನಲ್ಲಿ ಅದು ಒಂಟಿ ಕಣವಾಗಿ ಉಳಿಯುವುದಿಲ್ಲ. ಜೇಡಿಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುದಂಶವಿರುತ್ತದೆ, ಸಿಹಿನೀರಿನಲ್ಲಿ ಅವು ಒಂದನ್ನೊಂದು ದೂರ ತಳ್ಳುತ್ತಲೇ ಇರುತ್ತವೆ. ನದಿಯ ನೀರಿಗೆ ಕಡಲಿನ ಉಪ್ಪು ಬೆರೆತು ಲವಣಾಂಶವು ಸಾವಿರಕ್ಕೆ ಒಂದೆರಡು ಭಾಗ ಏರುತ್ತಿದ್ದಂತೆಯೇ ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಅಯಾನುಗಳು ಆ ವಿಕರ್ಷಣೆಯ ವ್ಯಾಪ್ತಿಯನ್ನು ಕುಗ್ಗಿಸುತ್ತವೆ. ಡಿಕ್ಕಿ ಹೊಡೆದ ಕಣಗಳು ಅಂಟಿಕೊಂಡು ಮುದ್ದೆಗಟ್ಟುತ್ತವೆ. ಸೂಕ್ಷ್ಮಜೀವಿಗಳು ಸ್ರವಿಸುವ ಲೋಳೆಯು ಈ ಅಂಟನ್ನು ಇನ್ನೂ ಗಟ್ಟಿಗೊಳಿಸುತ್ತದೆ.

ಇದನ್ನು ಕಣ್ಣಾರೆ ನೋಡದೆ ಮುಂದಿನ ಅಳತೆಗಳಿಗೆ ಹೋಗಬೇಡಿ ಎಂದು ನನ್ನ ಒತ್ತಾಯ. ನದಿಯ ದಡದ ಅಥವಾ ಗದ್ದೆಯ ನುಣುಪಾದ ಜೇಡಿಯನ್ನು ಒಂದು ಚಮಚದಷ್ಟು ತೆಗೆದುಕೊಂಡು, ಎರಡು ಲೀಟರ್ ಸಿಹಿನೀರಿನಲ್ಲಿ ಚೆನ್ನಾಗಿ ಕದಡಿ, ಕಾಲು ಗಂಟೆ ಬಿಟ್ಟು, ತಳಕ್ಕಿಳಿದ ಮರಳನ್ನು ಹಾಗೆಯೇ ಉಳಿಸಿ ಮೇಲಿನ ಮಬ್ಬುನೀರನ್ನು ಒಂದೇ ಅಳತೆಯ ಎರಡು ಗಾಜಿನ ಜಾಡಿಗಳಿಗೆ ಸಮನಾಗಿ ಸುರಿಯಬೇಕು. ಒಂದು ಜಾಡಿಗೆ ಲೀಟರಿಗೆ 10 ಗ್ರಾಂ ಲೆಕ್ಕದಲ್ಲಿ ಉಪ್ಪು ಹಾಕಿ, ಎರಡನ್ನೂ ಒಂದು ನಿಮಿಷ ಮೆಲ್ಲಗೆ ಕಲಕಿ, ಕಿಟಕಿಯ ಬೆಳಕಿಗೆ ಎದುರಾಗಿಡಬೇಕು. ಮೊದಲಿಗೆ ಎರಡೂ ಒಂದೇ. ಸ್ವಲ್ಪ ಹೊತ್ತಿನ ನಂತರ ಉಪ್ಪಿನ ಜಾಡಿಯ ಮಬ್ಬು ಒಡೆದ ಹಾಲಿನಂತೆ ಚುಕ್ಕೆಚುಕ್ಕೆಯಾಗುತ್ತದೆ. ಚುಕ್ಕೆಗಳ ನಡುವೆ ತಿಳಿನೀರಿನ ಸಂದುಗಳು ಕಾಣತೊಡಗುತ್ತವೆ. ಆಮೇಲೆ ಹತ್ತಿಯ ಎಳೆಗಳಂಥ ಮುದ್ದೆಗಳು ನಿಧಾನವಾಗಿ ಇಳಿದು ತಳದಲ್ಲಿ ಸಡಿಲವಾದ ಪದರವಾಗಿ ಕೂರುತ್ತವೆ. ಸಿಹಿನೀರಿನ ಜಾಡಿ ಮರುದಿನವೂ ಮಬ್ಬಾಗಿಯೇ ಇರುತ್ತದೆ. ಗಮನಿಸಬೇಕಾದ ಸೂಕ್ಷ್ಮವೆಂದರೆ, ಕಣಗಳು ತಳ ಸೇರುವ ಮೊದಲೇ, ಬರೇ ಮುದ್ದೆಗಟ್ಟಿದ ಮಾತ್ರಕ್ಕೆ ನೀರು ತಿಳಿಯಾಗತೊಡಗಿತು: ಮಣ್ಣಿನ ತೂಕ ಬದಲಾಗಲಿಲ್ಲ, ಬೆಳಕನ್ನು ತಡೆಯುವ ವಿಸ್ತೀರ್ಣ ಕುಗ್ಗಿತು. ಈಗ ಉಪ್ಪಿನ ಜಾಡಿಯನ್ನು ಮತ್ತೆ ಕಲಕಿ ನೋಡಿ. ತಳದ ಪದರ ಕ್ಷಣದಲ್ಲಿ ಮೇಲೇಳುತ್ತದೆ. ಅಳಿವೆಯ ಹರಿವು ದಿನಕ್ಕೆ ಹಲವು ಬಾರಿ ಮಾಡುವುದು ಇದನ್ನೇ.

ಅತಿ ಕದಡಿದ ಪಟ್ಟಿ ಎಲ್ಲಿರುತ್ತದೆ

ಕಡಲಿನ ಉಪ್ಪುನೀರು ಭಾರವಾದ್ದರಿಂದ ತಳದಲ್ಲಿ ಒಳಕ್ಕೆ ನುಸುಳುತ್ತದೆ, ನದಿಯ ಸಿಹಿನೀರು ಮೇಲ್ಪದರದಲ್ಲಿ ಹೊರಕ್ಕೆ ಹರಿಯುತ್ತದೆ. ನದಿ ತಂದ ಕಣಗಳು ಉಪ್ಪು ತಾಗಿ ಮುದ್ದೆಗಟ್ಟಿ ಕೆಳಕ್ಕಿಳಿದಾಗ ತಳದ ಹರಿವು ಅವನ್ನು ಪುನಃ ಒಳಕ್ಕೆ ಒಯ್ಯುತ್ತದೆ. ಹಲವು ಅಳಿವೆಗಳಲ್ಲಿ ಉಬ್ಬರವು ಇಳಿತಕ್ಕಿಂತ ಕಡಿಮೆ ಅವಧಿಯದೂ ಹೆಚ್ಚು ವೇಗದ್ದೂ ಆಗಿರುವುದರಿಂದ ಅದು ಕೂಡ ಹೂಳನ್ನು ಮೇಲ್ಮುಖವಾಗಿ ತಳ್ಳುತ್ತದೆ. ಹೀಗೆ ಉಪ್ಪು ಮೊದಲು ಕಾಣಿಸುವ ಜಾಗದ ಆಸುಪಾಸಿನಲ್ಲಿ, ನದಿಗಿಂತಲೂ ಕಡಲಿಗಿಂತಲೂ ಹೆಚ್ಚು ಬಗ್ಗಡವಾದ ಒಂದು ಪಟ್ಟಿ ರೂಪುಗೊಳ್ಳುತ್ತದೆ. ಫ್ರಾನ್ಸಿನ ಜಿರೋಂಡ್ ಅಳಿವೆಯ ಇಂಥ ಪಟ್ಟಿಯಲ್ಲಿ ತೇಲುಕಣಗಳು ಲೀಟರಿಗೆ ಒಂದು ಗ್ರಾಮನ್ನೂ ಮೀರುತ್ತವೆ. ಅಮೆರಿಕದ ಚೆಸಪೀಕ್ ಕೊಲ್ಲಿಯ ಮೇಲ್ಭಾಗದಲ್ಲಿರುವ ಪಟ್ಟಿಯೂ ಪ್ರಸಿದ್ಧವಾದದ್ದು. ಪಟ್ಟಿ ಒಂದೇ ಜಾಗಕ್ಕೆ ಕಟ್ಟುಬಿದ್ದಿರುವುದಿಲ್ಲ. ನದಿಯಲ್ಲಿ ನೆರೆ ಬಂದಾಗ ಕಡಲ ಕಡೆಗೆ ಸರಿಯುತ್ತದೆ, ಬೇಸಗೆಯಲ್ಲಿ ನದಿ ಸೊರಗಿದಾಗ ಒಳನಾಡಿನ ಕಡೆಗೆ ಏರುತ್ತದೆ. ಆದ್ದರಿಂದ ವರ್ಷವಿಡೀ ಒಂದೇ ಜಾಗದಲ್ಲಿ ಅಳೆದು "ನೀರು ಕೆಟ್ಟಿತು" ಎಂದಾಗಲಿ "ಸುಧಾರಿಸಿತು" ಎಂದಾಗಲಿ ತೀರ್ಮಾನಿಸುವ ಮುನ್ನ, ಪಟ್ಟಿ ನಮ್ಮನ್ನು ದಾಟಿ ಹೋಯಿತೇ ಎಂದು ಕೇಳಿಕೊಳ್ಳಬೇಕು.

ಅಳತೆಯ ಹೊತ್ತನ್ನು ಆರಿಸುವುದು

ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ಅಂತರ ಹೆಚ್ಚಿ ಹರಿವು ಬಿರುಸಾಗುತ್ತದೆ, ತಳದ ಹೂಳು ಹೆಚ್ಚಾಗಿ ಮೇಲೇಳುತ್ತದೆ. ಅಷ್ಟಮಿಯ ಸುಮಾರಿಗೆ ಹರಿವು ತಗ್ಗಿ ನೀರು ತಿಳಿಯಾಗುತ್ತದೆ. ಈ ಚಕ್ರ ಸುಮಾರು 14.8 ದಿನಗಳದ್ದು. ವಾರಕ್ಕೊಮ್ಮೆ ಅದೇ ದಿನದಂದು ಅದೇ ಗಂಟೆಗೆ ಅಳೆಯುವ ಶಿಸ್ತು ಮೇಲ್ನೋಟಕ್ಕೆ ಚೆನ್ನಾಗಿ ಕಂಡರೂ, ಪ್ರತಿ ಸಲವೂ ಉಬ್ಬರದ ಬೇರೆಬೇರೆ ಹಂತ ಸಿಗುವುದರಿಂದ ದಾಖಲೆ ಗೊಂದಲವಾಗುತ್ತದೆ. ಗಡಿಯಾರದ ಬದಲು ಉಬ್ಬರ ಇಳಿತಗಳ ಹೊತ್ತನ್ನು ತಿಳಿಸುವ ವೇಳಾಪಟ್ಟಿಯನ್ನು ಹಿಡಿದು, ಉದಾಹರಣೆಗೆ ಪೂರ್ಣ ಉಬ್ಬರದ ನಂತರದ ಮೂರನೆಯ ಗಂಟೆ ಎಂದು ನಿಗದಿಮಾಡಿಕೊಳ್ಳುವುದು ಉತ್ತಮ. ಅದಕ್ಕಿಂತಲೂ ಉತ್ತಮವಾದದ್ದು, ಆರಂಭದಲ್ಲೇ ಒಂದು ದಿನವನ್ನು ಮೀಸಲಿಟ್ಟು ಒಂದೇ ಜಾಗದಲ್ಲಿ 12 ರಿಂದ 13 ಗಂಟೆಗಳ ಕಾಲ ಪ್ರತಿ ಗಂಟೆಗೊಮ್ಮೆ ಅಳೆಯುವುದು. ಆ ಒಂದು ದಿನದ ದಾಖಲೆಯು ಬಿಡಿಬಿಡಿಯಾದ ಹತ್ತಾರು ಅಳತೆಗಳಿಗಿಂತ ಹೆಚ್ಚನ್ನು ಹೇಳುತ್ತದೆ. ನೀರಿಗೆ ಇಳಿಬಿಟ್ಟು ತಿಳಿತನವನ್ನು ಅಳೆಯುವ, ಮುಂದೆ ವಿವರಿಸಲಿರುವ ಸೆಕ್ಕಿ ತಟ್ಟೆ ರಾತ್ರಿಯ ಅಳತೆಗೆ ನಡೆಯದು. ನೀರಿನ ಮಾದರಿಯನ್ನು ಸಂಗ್ರಹಿಸಿಡಬಹುದು. ದೋಣಿಯಲ್ಲಿ ಒಬ್ಬರೇ ಹೋಗಬಾರದು, ಜೀವರಕ್ಷಕ ಕವಚವಿಲ್ಲದೆ ಇಳಿಯಬಾರದು, ಇಳಿತದ ಹೊತ್ತಿನಲ್ಲಿ ಕೆಸರು ದಿಣ್ಣೆಯ ಮೇಲೆ ಕಾಲಿಡಬಾರದು.

ಸೆಕ್ಕಿ ತಟ್ಟೆ

ಇಟಲಿಯ ಖಗೋಳವಿಜ್ಞಾನಿಯೂ ಪಾದ್ರಿಯೂ ಆಗಿದ್ದ ಆಂಜೆಲೊ ಸೆಕ್ಕಿ 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಬಿಳಿಯ ತಟ್ಟೆಗಳನ್ನು ಇಳಿಬಿಟ್ಟು ನೀರಿನ ಪಾರದರ್ಶಕತೆಯನ್ನು ಅಳೆದನು. ಕಪ್ಪು ಬಿಳುಪಿನ ನಾಲ್ಕು ಕಾಲುಭಾಗಗಳ ವಿನ್ಯಾಸ 1899ರಲ್ಲಿ ಅಮೆರಿಕದ ಎಂಜಿನಿಯರ್ ಜಾರ್ಜ್ ವಿಪಲ್ ತಂದದ್ದು. ಅಳಿವೆಗೆ 20 ಸೆಂಟಿಮೀಟರ್ ವ್ಯಾಸದ ತಟ್ಟೆ ಸಾಕು. ಗಟ್ಟಿ ಪ್ಲಾಸ್ಟಿಕ್ ಅಥವಾ ಲೋಹದ ಹಾಳೆಯನ್ನು ಕತ್ತರಿಸಿ, ಹೊಳಪಿಲ್ಲದ ಬಣ್ಣ ಬಳಿದು, ಕೆಳಗೆ ಒಂದೆರಡು ಕಿಲೋಗ್ರಾಂ ಭಾರ ಕಟ್ಟಿ, ಹಿಗ್ಗದ ಹಗ್ಗಕ್ಕೆ 5 ಸೆಂಟಿಮೀಟರಿಗೊಂದು ಗುರುತು ಹಾಕಿದರೆ ಸಾಧನ ಸಿದ್ಧ.

ದೋಣಿಯ ಅಥವಾ ಕಟ್ಟೆಯ ನೆರಳಿನ ಬದಿಯಲ್ಲಿ, ಸೂರ್ಯ ಸಾಕಷ್ಟು ಎತ್ತರದಲ್ಲಿರುವಾಗ, ಕಪ್ಪು ಕನ್ನಡಕವನ್ನು ತೆಗೆದು ಅಳೆಯಬೇಕು. ತಟ್ಟೆ ಇಳಿಯುತ್ತ ಮೊದಲು ಬಿಳಿ ಭಾಗ ನೀರಿನ ಬಣ್ಣಕ್ಕೆ ತಿರುಗುತ್ತದೆ, ಅಂಚು ಮಸುಕಾಗುತ್ತದೆ, ಕೊನೆಗೆ ಅಲ್ಲೇನೋ ಇದೆಯೋ ಇಲ್ಲವೋ ಎಂಬಷ್ಟು ಮಾತ್ರ ಉಳಿದು ಅದೂ ಕರಗುತ್ತದೆ. ಆ ಕ್ಷಣದ ಆಳವನ್ನು ಗುರುತಿಸಿ, ಇನ್ನೂ ಸ್ವಲ್ಪ ಇಳಿಸಿ, ಮೆಲ್ಲಗೆ ಎತ್ತುತ್ತ ತಟ್ಟೆ ಮತ್ತೆ ಕಾಣಿಸಿದ ಆಳವನ್ನೂ ಗುರುತಿಸಿ, ಎರಡರ ಸರಾಸರಿಯನ್ನು ಬರೆಯಬೇಕು. ಅಳಿವೆಯಲ್ಲಿ ಹರಿವು ತಟ್ಟೆಯನ್ನು ಎಳೆದೊಯ್ಯುವುದೇ ದೊಡ್ಡ ತೊಡಕು. ಹಗ್ಗ ಲಂಬದಿಂದ 30 ಡಿಗ್ರಿ ಓರೆಯಾದರೆ ಹಗ್ಗದ ಒಂದು ಮೀಟರ್ ನಿಜದಲ್ಲಿ 87 ಸೆಂಟಿಮೀಟರ್ ಆಳ ಮಾತ್ರ. ಭಾರ ಹೆಚ್ಚಿಸಬೇಕು, ಇಲ್ಲವೇ ತಟ್ಟೆಯನ್ನು ಗುರುತು ಹಾಕಿದ ಕೋಲಿಗೆ ಜೋಡಿಸಬೇಕು. ತಟ್ಟೆ ತಳ ಮುಟ್ಟಿದರೂ ಕಾಣುತ್ತಿದ್ದರೆ "ತಳಕ್ಕಿಂತ ಹೆಚ್ಚು" ಎಂದು ಬರೆಯಬೇಕೇ ಹೊರತು ತಳದ ಆಳವನ್ನೇ ತಿಳಿತನವೆಂದು ಬರೆಯಬಾರದು.

ತಟ್ಟೆಯ ಆಳದಿಂದ ಬೆಳಕಿನ ಲೆಕ್ಕ ಮಾಡಬಹುದು. ಬೆಳಕು ಪ್ರತಿ ಮೀಟರಿಗೆ ಎಷ್ಟು ಪಾಲು ಕುಗ್ಗುತ್ತದೆಂಬುದನ್ನು ಹೇಳುವ ಕ್ಷೀಣತಾ ಗುಣಾಂಕವನ್ನು ಪಡೆಯಲು, 1929ರಲ್ಲಿ ಪೂಲ್ ಮತ್ತು ಅಟ್ಕಿನ್ಸ್ ಎಂಬ ಸಂಶೋಧಕರು ಕೊಟ್ಟ ಸೂತ್ರದಂತೆ 1.7ನ್ನು ಮೀಟರಿನಲ್ಲಿರುವ ತಟ್ಟೆಯ ಆಳದಿಂದ ಭಾಗಿಸಬೇಕು. ಬಗ್ಗಡ ನೀರಿಗೆ 1.44 ಹೆಚ್ಚು ಸೂಕ್ತವೆಂದು ನಂತರ ಕಂಡುಬಂತು. ತಟ್ಟೆಯ ಆಳ ಅರ್ಧ ಮೀಟರ್ ಇದ್ದರೆ ಗುಣಾಂಕ 2.88. ಮೇಲ್ಮೈ ಬೆಳಕಿನ ಶೇಕಡಾ 1ರಷ್ಟು ಉಳಿಯುವ ಆಳವು 4.6ನ್ನು ಈ ಗುಣಾಂಕದಿಂದ ಭಾಗಿಸಿದಷ್ಟು, ಅಂದರೆ ಸುಮಾರು 1.6 ಮೀಟರ್. ಅದರ ಕೆಳಗೆ ಸಸ್ಯಪ್ಲವಕಗಳು ಬೆಳೆಯಲಾರವು. ಬೇರೂರಿ ಬೆಳೆಯುವ ಗಿಡಗಳಿಗೆ ಬೇಕಾದ ಬೆಳಕು ಇನ್ನೂ ಹೆಚ್ಚು. ಚೆಸಪೀಕ್ ಕೊಲ್ಲಿಯ ಉಪ್ಪು ಹೆಚ್ಚಿರುವ ಭಾಗಗಳ ಜಲಸಸ್ಯಗಳಿಗೆ ಮೇಲ್ಮೈ ಬೆಳಕಿನ ಕನಿಷ್ಠ ಶೇಕಡಾ 22 ಬೇಕೆಂದು ನಿಗದಿಮಾಡಲಾಗಿದೆ. ಒಂದು ಮೀಟರ್ ಆಳದಲ್ಲಿ ಅಷ್ಟು ಬೆಳಕು ಸಿಗಬೇಕಾದರೆ ತಟ್ಟೆ ಸುಮಾರು 95 ಸೆಂಟಿಮೀಟರ್‌ವರೆಗೆ ಕಾಣಬೇಕು. ತಿಳಿತನವು ಅರ್ಧಕ್ಕಿಳಿದರೆ ಈ ಜಲಸಸ್ಯಗಳ ನೀರೊಳಗಿನ ಹುಲ್ಲುಗಾವಲಿನ ಆಳದ ಅಂಚೂ ಅರ್ಧಕ್ಕೆ ಸರಿಯುತ್ತದೆ, ಅದರಲ್ಲಿ ಅಡಗಿ ಬೆಳೆಯುವ ಮರಿಮೀನುಗಳ ನೆಲೆಯೂ ಅಷ್ಟೇ ಕುಗ್ಗುತ್ತದೆ.

ತಟ್ಟೆ 20 ಸೆಂಟಿಮೀಟರಿಗೂ ಮೊದಲೇ ಮರೆಯಾಗುವಷ್ಟು ಬಗ್ಗಡವಿದ್ದರೆ, ತಳದಲ್ಲಿ ಕಪ್ಪು ಬಿಳುಪಿನ ಗುರುತಿರುವ ಪಾರದರ್ಶಕ ಕೊಳವೆಯೇ ಮೇಲು. ನೀರು ತುಂಬಿ, ಮೇಲಿನಿಂದ ನೋಡುತ್ತ, ಗುರುತು ಕಾಣುವವರೆಗೆ ಕೆಳಗಿನ ನಳಿಕೆಯಿಂದ ನೀರು ಬಿಟ್ಟು, ಉಳಿದ ನೀರಿನ ಎತ್ತರವನ್ನು ಓದಬೇಕು.

ಶೋಧಿಸಿ ತೂಗುವುದು

ತಿಳಿತನ ಎಷ್ಟೆಂಬುದು ತಟ್ಟೆಯಿಂದ ತಿಳಿಯುತ್ತದೆ; ಕಣಗಳ ತೂಕ ತಿಳಿಯಲು ನೀರನ್ನು ಶೋಧಿಸಲೇಬೇಕು. ಮೊದಲೇ ಒಣಗಿಸಿ ತೂಗಿದ ಗಾಜಿನೆಳೆಯ ಶೋಧಕದ ಮೂಲಕ ಅಳತೆ ಮಾಡಿದ ನೀರನ್ನು ಹಾಯಿಸಿ, 103 ರಿಂದ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಬದಲಾಗದಿರುವವರೆಗೆ ಒಣಗಿಸಿ ಪುನಃ ತೂಗಬೇಕು. ಅದನ್ನೇ 550 ಡಿಗ್ರಿಯಲ್ಲಿ ಸುಟ್ಟರೆ ಸಾವಯವ ಭಾಗ ಉರಿದುಹೋಗಿ ಖನಿಜದ ತೂಕ ಉಳಿಯುತ್ತದೆ. ಎರಡನೆಯ ಅಳತೆಗೆ ಶೋಧಕವನ್ನೂ ಮೊದಲೇ ಅದೇ ಶಾಖದಲ್ಲಿ ಸುಟ್ಟಿರಬೇಕು.

ಅಳಿವೆಯಲ್ಲಿ ಇದಕ್ಕೊಂದು ಅಪಾಯವಿದೆ. ಆರಂಭದ ದಿನಗಳಲ್ಲಿ ನಾನೇ ಇದರಿಂದ ಒಂದು ಇಡೀ ದಿನದ ಮಾದರಿಗಳನ್ನು ಕಳೆದುಕೊಂಡಿದ್ದೇನೆ. ತಿಳಿಯಾಗಿ ಕಾಣುತ್ತಿದ್ದ ಉಬ್ಬರದ ನೀರಿನಲ್ಲಿ ಬಗ್ಗಡವಾದ ಇಳಿತದ ನೀರಿಗಿಂತ ಹೆಚ್ಚು ಕಣಗಳಿವೆಯೆಂದು ತಕ್ಕಡಿ ಹೇಳಿತು. ಒಣಗಿದ ಶೋಧಕದ ಅಂಚಿನಲ್ಲಿ ಬಿಳಿಯ ಹೊಳಪು ಕಂಡಾಗ ಕಾರಣ ತಿಳಿಯಿತು: ಅದು ಉಪ್ಪು. ಲೀಟರಿಗೆ 35 ಗ್ರಾಂ ಉಪ್ಪಿರುವ ಕಡಲನೀರು ಶೋಧಕದಲ್ಲಿ ಅರ್ಧ ಮಿಲಿಲೀಟರ್ ಉಳಿದರೂ ಒಣಗಿದ ಮೇಲೆ 17 ಮಿಲಿಗ್ರಾಮಿಗೂ ಹೆಚ್ಚು ಉಪ್ಪಾಗುತ್ತದೆ; ಲೀಟರಿಗೆ 20 ಮಿಲಿಗ್ರಾಂ ಕಣಗಳಿರುವ ನೀರನ್ನು 200 ಮಿಲಿಲೀಟರ್ ಶೋಧಿಸಿದರೆ ಸಿಗುವ ಕಣಗಳ ತೂಕ ಕೇವಲ 4 ಮಿಲಿಗ್ರಾಂ. ಆದ್ದರಿಂದ ಶೋಧಿಸಿದ ಮೇಲೆ ಬಟ್ಟಿಯಿಳಿಸಿದ ನೀರಿನಿಂದ ಶೋಧಕವನ್ನು, ಅಂಚುಗಳನ್ನೂ ಬಿಡದೆ, ಕನಿಷ್ಠ ಮೂರು ಬಾರಿ ತೊಳೆಯಬೇಕು. ಕಣಗಳಿಲ್ಲದ ಕಡಲನೀರನ್ನು ಹಾಯಿಸಿ ತೊಳೆದ ಒಂದು ಶೋಧಕವನ್ನು ಪ್ರತಿ ಸಲವೂ ಜೊತೆಗಿಟ್ಟು ತೂಗಿದರೆ ತೊಳೆದದ್ದು ಸಾಕಾಯಿತೇ ಎಂದು ತಿಳಿಯುತ್ತದೆ.

ವಿದ್ಯುನ್ಮಾನ ಕದಡುಮಾಪಕವಿದ್ದರೆ ಕೆಲಸ ಬೇಗ ಆಗುತ್ತದೆ. ಐಎಸ್‌ಒ 7027 ಎಂಬ ಅಂತರರಾಷ್ಟ್ರೀಯ ಮಾನದಂಡದ ಮಾಪಕಗಳು ಸುಮಾರು 860 ನ್ಯಾನೋಮೀಟರಿನ ಅವಕೆಂಪು ಬೆಳಕನ್ನು ಬಿಟ್ಟು 90 ಡಿಗ್ರಿ ಕೋನದಲ್ಲಿ ಚದುರಿದ ಭಾಗವನ್ನು ಅಳೆಯುತ್ತವೆ. ಕರಗಿದ ಬಣ್ಣ ಈ ಬೆಳಕನ್ನು ಹೆಚ್ಚು ಹೀರದಿರುವುದು ಅದರ ಲಾಭ. ಆದರೆ ಮಾಪಕ ಕೊಡುವ ಅಂಕಿ ತೂಕವಲ್ಲ. ಅದನ್ನು ಮಿಲಿಗ್ರಾಮಿಗೆ ಪರಿವರ್ತಿಸುವ ಸಾರ್ವತ್ರಿಕ ಸೂತ್ರವಿಲ್ಲ, ಏಕೆಂದರೆ ಕಣದ ಗಾತ್ರ ಬದಲಾದರೆ ಸಂಬಂಧವೇ ಬದಲಾಗುತ್ತದೆ. ನಿಮ್ಮ ಅಳಿವೆಯದೇ ನೀರನ್ನು ಬೇರೆಬೇರೆ ಹಂತಗಳಲ್ಲಿ ಶೋಧಿಸಿ ತೂಗಿ, ಮಾಪಕದ ಓದಿನೊಂದಿಗೆ ಹೋಲಿಸಿ ನಿಮ್ಮದೇ ರೇಖೆಯನ್ನು ಎಳೆಯಬೇಕು.

ಅಂಕಿಗಳನ್ನು ಓದುವ ಬಗೆ

ನದಿಯಿಂದ ಕಡಲಿನವರೆಗೆ ಆರೇಳು ಜಾಗಗಳಲ್ಲಿ ಒಂದೇ ಹಂತದ ಉಬ್ಬರದಲ್ಲಿ ಅಳೆದು, ಅಡ್ಡ ಅಕ್ಷದಲ್ಲಿ ಲವಣಾಂಶವನ್ನೂ ಲಂಬ ಅಕ್ಷದಲ್ಲಿ ಕಣಗಳ ಪ್ರಮಾಣವನ್ನೂ ಗುರುತಿಸಿ, ಎರಡು ತುದಿಗಳ ಬಿಂದುಗಳನ್ನು ಸರಳರೇಖೆಯಿಂದ ಸೇರಿಸಬೇಕು. ಉಳಿದ ಬಿಂದುಗಳು ಆ ರೇಖೆಯ ಮೇಲೆಯೇ ಬಿದ್ದರೆ ನದಿಯ ಬಗ್ಗಡ ನೀರು ಕಡಲನೀರಿನಿಂದ ತೆಳುವಾಗುತ್ತಿದೆ, ಅಷ್ಟೇ. ಮಧ್ಯದ ಬಿಂದುಗಳು ರೇಖೆಗಿಂತ ಕೆಳಗಿಳಿದರೆ ಕಣಗಳು ದಾರಿಯಲ್ಲಿ ತಳ ಸೇರುತ್ತಿವೆ. ಮೇಲಕ್ಕೆ ಗುಡ್ಡದಂತೆ ಎದ್ದರೆ ತಳದಿಂದ ಮೇಲೇಳುತ್ತಿವೆ, ಅಥವಾ ನೀವು ಆ ಅತಿ ಕದಡಿದ ಪಟ್ಟಿಯನ್ನು ಹಾಯ್ದಿದ್ದೀರಿ. ಅಳಿವೆಯನ್ನು ಅರಿಯಲು ಇದಕ್ಕಿಂತ ಒಳ್ಳೆಯ ಒಂದೇ ಚಿತ್ರ ನನಗೆ ಗೊತ್ತಿಲ್ಲ.

ಗಂಟೆಗೊಮ್ಮೆ ಅಳೆದ ದಾಖಲೆಯಲ್ಲಿ ಹರಿವು ಬಿರುಸಾದಾಗಲೆಲ್ಲ ಬಗ್ಗಡ ಏರಿ ನೀರು ನಿಂತಾಗ ತಗ್ಗುತ್ತಿದ್ದರೆ ತಳದ ಹೂಳೇ ಕಾರಣ. ಮಳೆಯ ನಂತರ ಲವಣಾಂಶ ಕುಸಿದು ಜೊತೆಗೇ ಬಗ್ಗಡ ಏರಿದರೆ ಅದು ನದಿ ತಂದದ್ದು. ಹರಿವಿಗೂ ಮಳೆಗೂ ಹೊಂದದೆ ಗಾಳಿ ಬೀಸಿದ ದಿನ ಮಾತ್ರ ಏರಿದರೆ ಆಳವಿಲ್ಲದ ಕೆಸರು ಬಯಲಿನ ಮೇಲೆ ಅಲೆಗಳು ಹೂಳೆಬ್ಬಿಸಿವೆ. ಶೋಧಕ ಹಸಿರಾಗಿದ್ದು ಸುಟ್ಟಾಗ ತೂಕದ ಬಹುಪಾಲು ಹೋದರೆ ಸಸ್ಯಪ್ಲವಕ. ತಟ್ಟೆ ಬೇಗ ಮರೆಯಾಗಿಯೂ ಶೋಧಕದಲ್ಲಿ ಏನೂ ನಿಲ್ಲದಿದ್ದರೆ, ಶೋಧಿಸಿದ ನೀರನ್ನು ಬಿಳಿ ಕಾಗದದೆದುರು ಹಿಡಿದು ಚಹಾದ ಬಣ್ಣವಿದೆಯೇ ನೋಡಬೇಕು.

ಬಗ್ಗಡವೆಲ್ಲ ಕೆಡುಕೆಂದು ಭಾವಿಸುವುದು ತಪ್ಪು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ 19ನೆಯ ಶತಮಾನದ ಚಿನ್ನದ ಗಣಿಗಾರಿಕೆಯಿಂದ ಅಪಾರ ಹೂಳು ಹರಿದುಬಂದಿತ್ತು. ಆ ಹೂಳು ಕ್ರಮೇಣ ತೀರುತ್ತ ಬಂದಂತೆ 1999ರ ಸುಮಾರಿಗೆ ಅಲ್ಲಿನ ತೇಲುಕಣಗಳ ಪ್ರಮಾಣ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿಯಿತು. ನೀರು ತಿಳಿಯಾಯಿತು, ಆದರೆ ಪೋಷಕಾಂಶಗಳು ಹೇರಳವಾಗಿರುವ ಆ ನೀರಿನಲ್ಲಿ ಅಷ್ಟರವರೆಗೆ ಪಾಚಿಯನ್ನು ತಡೆದಿದ್ದ ಮಬ್ಬು ಸಡಿಲವಾಯಿತು, ಜೌಗುಗಳು ಕಡಲಿನ ಏರಿಕೆಗೆ ಸಮನಾಗಿ ಬೆಳೆಯಲು ಬೇಕಾದ ಹೂಳೂ ಕಡಿಮೆಯಾಯಿತು. ಅಲ್ಲಿನ ಡೆಲ್ಟಾ ಸ್ಮೆಲ್ಟ್ ಎಂಬ ಅಪಾಯದಂಚಿನ ಪುಟ್ಟ ಮೀನು ಕದಡಿದ ನೀರನ್ನೇ ಹುಡುಕಿಕೊಂಡು ಹೋಗುತ್ತದೆ.

ವರ್ಷಗಳ ಹೋಲಿಕೆ ಮಾಡುವಾಗ ಹುಣ್ಣಿಮೆಯ ಅಳತೆಯನ್ನು ಹುಣ್ಣಿಮೆಯದರೊಂದಿಗೆ, ಅಷ್ಟಮಿಯದನ್ನು ಅಷ್ಟಮಿಯದರೊಂದಿಗೆ, ಅದರಲ್ಲೂ ಹತ್ತಿರದ ಲವಣಾಂಶವಿದ್ದ ದಿನಗಳನ್ನು ಮಾತ್ರ ಪಕ್ಕಪಕ್ಕದಲ್ಲಿಡಬೇಕು. ಸುಡದೆ ಉಳಿಸಿದ ಶೋಧಕಗಳನ್ನು ದಿನಾಂಕ, ಹೊತ್ತು, ಉಬ್ಬರದ ಹಂತ, ಲವಣಾಂಶ, ಶೋಧಿಸಿದ ನೀರಿನ ಪ್ರಮಾಣ ಬರೆದ ಲಕೋಟೆಗಳಲ್ಲಿ ಒಣಜಾಗದಲ್ಲಿ ಕಾಪಾಡಿ. ಒಂದು ವರ್ಷದವನ್ನು ಸಾಲಾಗಿ ಹರಡಿದರೆ ಮಳೆಗಾಲದ ಕೆಂಬಣ್ಣ, ಬೇಸಗೆಯ ಬೂದುಬಣ್ಣ, ನಡುವೆ ಎಲ್ಲೋ ಕೆಲವು ವಾರಗಳ ಹಸಿರು ಅಂಕಿಗಳಿಗಿಂತ ಮೊದಲು ಕಣ್ಣಿಗೆ ಬೀಳುತ್ತವೆ.